ಬಣ್ಣದ ನೀರಿಗೆ ಬೆಳಕಿನ ಮದ್ದು

ಬಟ್ಟೆ ಕೊಳ್ಳುವಾಗ 'ಬಣ್ಣ ಹೋಗುವುದಿಲ್ಲ ತಾನೆ?' ಎಂದು ನಾವೆಲ್ಲರೂ ಕೇಳುತ್ತೇವೆ. ಬಟ್ಟೆಗೆ ಗುಣವೆನಿಸಿದ ಈ ಗಟ್ಟಿತನವೇ ಬಣ್ಣ ನದಿಗೆ ಇಳಿದಾಗ ದೋಷವಾಗುತ್ತದೆ.

1856ರಲ್ಲಿ ಲಂಡನ್ನಿನ 18 ವರ್ಷದ ತರುಣ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ನೇರಳೆ ಬಣ್ಣವೊಂದನ್ನು ಪಡೆದ. ಕೃತಕ ಬಣ್ಣಗಳ ಉದ್ಯಮ ಅಲ್ಲಿಂದ ಮೊದಲಾಯಿತು. ಮುಂದೆ ಸಾಬೂನಿಗೂ ಬಿಸಿಲಿಗೂ ಜಗ್ಗದ ಬಣ್ಣಗಳು ಬಂದವು. ಇವುಗಳಲ್ಲಿ ಅನೇಕವನ್ನು ನದಿಯ ಸೂಕ್ಷ್ಮಜೀವಿಗಳು ಕೂಡ ಸುಲಭವಾಗಿ ಅರಗಿಸಿಕೊಳ್ಳಲಾರವು.

ಇದರ ಫಲವನ್ನು ತಮಿಳುನಾಡಿನ ತಿರುಪ್ಪೂರಿನಲ್ಲಿ ಕಾಣಬಹುದು. ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿಗೆ ಅಲ್ಲಿನ ನೊಯ್ಯಲ್ ಹೊಳೆ ಉಪನದಿ. ಬನಿಯನ್ ಉದ್ಯಮದ ಬಣ್ಣದ ನೀರು ಸೇರಿ ಆ ಹೊಳೆ ಕೆಟ್ಟಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯ ಕೊಳಚೆಯ ಕೆರೆಯಾಯಿತು. ರೈತರು ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಿಂದ ನೂರಾರು ಬಣ್ಣದ ಘಟಕಗಳು ಬಾಗಿಲು ಮುಚ್ಚಿದವು. ಹೊಲ ಕಳೆದುಕೊಂಡವರೂ ಕೆಲಸ ಕಳೆದುಕೊಂಡವರೂ ಬಡವರೇ.

ಇಂಥ ನೀರಿಗೆ ಮದ್ದಾಗಬಲ್ಲ ವಸ್ತುವೊಂದು ಬಿಳಿ ಪೇಂಟಿನ ಡಬ್ಬಿಯಲ್ಲಿಯೇ ಇತ್ತು. ಅದು ಟೈಟಾನಿಯಂ ಡೈಆಕ್ಸೈಡ್. ಅದನ್ನು ಬೆರೆಸಿದ ಪೇಂಟು ಬಿಸಿಲಿಗೆ ಸಿಕ್ಕಿ ಸುಣ್ಣದ ಪುಡಿಯಂತೆ ಉದುರುತ್ತಿದ್ದುದು ತಯಾರಕರಿಗೆ ದೊಡ್ಡ ತಲೆನೋವಾಗಿತ್ತು. ಅದರ ಸಮ್ಮುಖದಲ್ಲಿ ನೇರಳಾತೀತ ಕಿರಣ ಬಿದ್ದರೆ ಬಣ್ಣಗಳು ಮಾಸುತ್ತವೆಂದು 1938ರಲ್ಲಿ ಗುಡೀವ್ ಮತ್ತು ಕಿಚನರ್ ಬರೆದರು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಇದೇ ವಸ್ತು ಬೆಳಕಿನ ಬಲದಿಂದ ನೀರನ್ನು ವಿಭಜಿಸುವ ಪ್ರಯೋಗವನ್ನು ಪ್ರಕಟಿಸಿದರು. 1977ರಲ್ಲಿ ಫ್ರಾಂಕ್ ಮತ್ತು ಬಾರ್ಡ್ ನೀರಿನಲ್ಲಿನ ಸೈನೈಡ್ ವಿಷವನ್ನು ಇದರಿಂದ ನಿವಾರಿಸಿ ತೋರಿಸಿದರು. ಹೀಗೆ ಪೇಂಟಿನ ದೋಷ ನೀರಿಗೆ ಔಷಧವಾಯಿತು.

ಇದು ಕೆಲಸ ಮಾಡುವ ಬಗೆ ಹೀಗೆ: ಬೆಳಕು ಬಿದ್ದಾಗ ಈ ಕಣಗಳ ಮೇಲೆ ಅತಿ ಚುರುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟಿ ಬಣ್ಣದ ಅಣುಗಳನ್ನು ಒಡೆಯುತ್ತವೆ. ಆದರೆ ನೀರಿಗೆ ಬೆರೆಸಿದ ನುಣ್ಣನೆಯ ಪುಡಿಯನ್ನು ಮತ್ತೆ ಸೋಸಿ ತೆಗೆಯುವುದು ಕಷ್ಟ. ಆದ್ದರಿಂದ ಸಂಶೋಧಕರು ಅದನ್ನು ಸೂಕ್ಷ್ಮ ರಂಧ್ರಗಳ ಪಿಂಗಾಣಿ ಅಥವಾ ಪ್ಲಾಸ್ಟಿಕ್ ಪೊರೆಗೆ ಅಂಟಿಸಿದರು. ಪೊರೆ ನೀರನ್ನು ಸೋಸುತ್ತದೆ; ಅದರ ಮೇಲಿನ ಲೇಪ ಬಣ್ಣವನ್ನು ಒಡೆದು, ರಂಧ್ರಗಳು ಬೇಗ ಕಟ್ಟಿಕೊಳ್ಳದಂತೆಯೂ ನೋಡಿಕೊಳ್ಳುತ್ತದೆ.

ತೊಡಕುಗಳೂ ಇವೆ. ಬಿಸಿಲಿನಲ್ಲಿ ನೇರಳಾತೀತ ಕಿರಣಗಳ ಪಾಲು ಸುಮಾರು ನೂರಕ್ಕೆ 5 ಮಾತ್ರ. ಕಡುಬಣ್ಣದ ನೀರಿನೊಳಗೆ ಬೆಳಕು ಇಳಿಯದು. ಪ್ಲಾಸ್ಟಿಕ್ ಪೊರೆಯನ್ನು ಈ ಕ್ರಿಯೆಯೇ ತಿಂದುಹಾಕಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತಿಗೆ ಬಣ್ಣ ಹಿಡಿಸಲು ಸುರಿಯುವ ಉಪ್ಪನ್ನು ಬೆಳಕು ಒಡೆಯಲಾರದು. ನೀರು ತಿಳಿಯಾಗಿ ಕಂಡರೂ ಉಪ್ಪು ಉಳಿದರೆ ಪೈರು ಒಣಗುತ್ತದೆ. ಉಪ್ಪನ್ನು ಬೇರ್ಪಡಿಸಲು ಬೇರೆ ಯಂತ್ರಗಳೇ ಬೇಕು. ಅದಕ್ಕೆ ವಿದ್ಯುತ್ತಿನ ಖರ್ಚೂ ಹೆಚ್ಚು.

ಆ ಖರ್ಚನ್ನು ಯಾರು ಹೊರಬೇಕು? ಅಗ್ಗದ ಬಟ್ಟೆ ಉಡುವ ನಾವು ಕೊಡದೆ ಉಳಿಸಿದ ಹಣವನ್ನು ಹೊಳೆಯ ಕೆಳಗಿನ ರೈತ ತನ್ನ ಹೊಲದಿಂದ ತೆರುತ್ತಿದ್ದಾನೆ. ಬಟ್ಟೆಯ ಬೆಲೆಯಲ್ಲಿ ನೀರಿನ ಬೆಲೆಯೂ ಸೇರಬೇಕೆಂದು ಒಪ್ಪುವುದು ನಮಗೆ ಬಿಟ್ಟದ್ದು.