ಕಿತ್ತೂರು ಕೋಟೆಯ ಜಮಾ-ಖರ್ಚು

ಗೌಂಡಿಯ ಮಗ ನಾನು. ಹಳೆಯ ಗೋಡೆ ಕಂಡರೆ ಮೊದಲು ಲೆಕ್ಕ ಹಾಕುತ್ತೇನೆ: ಕಲ್ಲು ಎಷ್ಟು ಬ್ರಾಸು ಹಿಡಿದಿರಬೇಕು, ಗಚ್ಚು ಅರೆಯಲು ಎತ್ತು ಎಷ್ಟು ದಿನ ಗಾಣ ತಿರುಗಿರಬೇಕು, ಕಲ್ಲು ಹೊತ್ತವರಿಗೆ ಕೂಲಿ ಸಿಕ್ಕಿತೋ ಅಥವಾ ಬಿಟ್ಟಿ ಚಾಕರಿಯೋ. ಅಮೆರಿಕ-ಮೆಕ್ಸಿಕೊ ಗಡಿಯ ಗೋಡೆಗೆ ಸುರಿದ ಹಣ ಹುಟ್ಟೀತೇ ಎಂದು ಜನ ವಾದಿಸುವಾಗ ನನಗೆ ನಮ್ಮ ಬೈಲಹೊಂಗಲ ಸೀಮೆಯ ಕೋಟೆಗಳೇ ಕಣ್ಣಿಗೆ ಕಟ್ಟುತ್ತವೆ.

ಹದಿನೆಂಟನೆಯ ಶತಮಾನದಲ್ಲಿ ಮಲಪ್ರಭೆಯ ಈ ನಾಡು ಗಡಿನಾಡು. ಉತ್ತರಕ್ಕೆ ಪೇಶ್ವೆಯರು, ದಕ್ಷಿಣಕ್ಕೆ ಹೈದರ್, ಆಮೇಲೆ ಟಿಪ್ಪು. ನಡುವೆ ಸಿಕ್ಕ ದೇಸಾಯರು ಕೋಟೆ ಕಟ್ಟದೆ ಗತಿಯಿರಲಿಲ್ಲ. ಸವದತ್ತಿಯಲ್ಲಿ ಶಿರಸಂಗಿ ದೇಸಾಯರು ಎಂಟು ಕೊತ್ತಲಗಳ ಕೋಟೆ ಎಬ್ಬಿಸಿದರು. ರಾಮದುರ್ಗ, ನರಗುಂದ ಎರಡೂ ಭಾವೆ ಮನೆತನದವು. 1785ರಲ್ಲಿ ಟಿಪ್ಪುವಿನ ಸೈನ್ಯವನ್ನು ನರಗುಂದದ ಗುಡ್ಡದ ಕೋಟೆ ತಿಂಗಳುಗಟ್ಟಲೆ ತಡೆಯಿತು. ಕೊನೆಗೆ ಅದೂ ಬಿತ್ತು, ರಾಮದುರ್ಗವೂ ಹೋಯಿತು, ಅದೇ ವರ್ಷ ಕಿತ್ತೂರೂ ಟಿಪ್ಪುವಿನ ಕೈಸೇರಿತು.

ಕಿತ್ತೂರಿನ ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಅಲ್ಲಿ ಗೋಡೆಗಿಂತ ದೊಡ್ಡ ಖರ್ಚು ಕಪ್ಪದ್ದು. ಪೇಶ್ವೆಯರನ್ನು ಸೋಲಿಸಿದ ಇಂಗ್ಲಿಷರು 1818ರಲ್ಲಿ ಕಿತ್ತೂರಿನ ಸಂಸ್ಥಾನವನ್ನು ಉಳಿಸಿಕೊಟ್ಟರು ನಿಜ, ಆದರೆ ಖಾನಾಪುರ ಕಿತ್ತುಕೊಂಡು, ವರ್ಷಕ್ಕೆ 1,75,000 ರೂಪಾಯಿ ಕಪ್ಪ ಗೊತ್ತುಮಾಡಿದರು. ಆ ದರದಲ್ಲಿ ಆರು ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಇದೆಲ್ಲ ರೈತರ ಜೋಳದ ರಾಶಿಯಿಂದಲೇ ಬರಬೇಕು.

ಇಷ್ಟು ತೆತ್ತರೂ ಗಡಿ ನಿಲ್ಲಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಅವನ ದತ್ತುಮಗನನ್ನು ಒಪ್ಪೆನೆಂದ ಧಾರವಾಡದ ಇಂಗ್ಲಿಷ್ ಕಲೆಕ್ಟರ್ ಥ್ಯಾಕರೆ ಬೊಕ್ಕಸಕ್ಕೆ ಮೊಹರು ಹಾಕಿಸಿ ಕಾವಲಿಟ್ಟ. ಕೋಟೆಯ ಮೇಲೆ ಒಂದು ಗುಂಡೂ ಬೀಳುವ ಮೊದಲೇ ಇಂಗ್ಲಿಷರ ಆಳುಗಳು ಒಳಗೆ ಕುಳಿತಿದ್ದರು! ಇದು ನನ್ನ ಹೊಟ್ಟೆ ಉರಿಸುವ ಸಂಗತಿ. ಎಷ್ಟು ದಪ್ಪ ಗೋಡೆ ಕಟ್ಟಿದರೇನು, ಅಧಿಕಾರದ ಕಾಗದ ಹಿಡಿದು ಅಗಸಿಯಿಂದಲೇ ಬಂದವನನ್ನು ಅದು ತಡೆಯಲಾರದು.

ಅಕ್ಟೋಬರ್ 23ರಂದು ಅಗಸಿ ಮುಚ್ಚಿತು. ತೆರೆಯದಿದ್ದರೆ ತೋಪಿನಿಂದ ಒಡೆಯುತ್ತೇವೆಂದು ಥ್ಯಾಕರೆ ಗಡುವು ಕೊಟ್ಟ. ಗಡುವು ಮುಗಿಯುವ ಹೊತ್ತಿಗೆ ಅಗಸಿ ತಾನಾಗಿ ತೆರೆದು ಕಿತ್ತೂರಿನ ಪಡೆ ಹೊಳೆಯಂತೆ ಹೊರನುಗ್ಗಿತು. ಥ್ಯಾಕರೆ ಸತ್ತ, ಅವನ ಜೊತೆಗಿದ್ದ ಅಧಿಕಾರಿಗಳಾದ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆಸಿಕ್ಕರು. ಅಂದಿನ ಗೆಲುವು ಗೋಡೆಯನ್ನು ದಾಟಿ ಹೊರಗೆ ಬಂದವರದು. ಆದರೂ ಆ ಬಾಗಿಲ ಮರೆ ಇರದಿದ್ದರೆ ಒಳಗೆ ಅವರು ಒಟ್ಟುಗೂಡುವ ಮಾತೇ ಇರಲಿಲ್ಲ.

ಡಿಸೆಂಬರಿನ ಕಥೆ ಬೇರೆ. ಇಂಗ್ಲಿಷರು ಹಲವು ಕಡೆಯಿಂದ ಸೈನ್ಯ, ದೊಡ್ಡ ತೋಪು ತರಿಸಿದರು. 3ರಂದು ದಾಳಿ ಶುರುವಾಯಿತು, 5ರ ಹೊತ್ತಿಗೆ ಕೋಟೆ ಕೈಬಿಟ್ಟಿತು. ಒಂದೂವರೆ ಶತಮಾನ ನಿಂತ ಗೋಡೆ ಹೊಸ ತೋಪಿನೆದುರು ತಡೆದದ್ದು ಎರಡು-ಮೂರು ದಿನ. 1858ರಲ್ಲಿ ನರಗುಂದಕ್ಕೂ ಅದೇ ಗತಿ. ರಾಮದುರ್ಗದ ಬಳಿಯ ಸುರೇಬಾನದಲ್ಲಿ ನರಗುಂದದ ದೊರೆ ಬಾಬಾಸಾಹೇಬನ ಜನ ಇಂಗ್ಲಿಷ್ ಅಧಿಕಾರಿ ಮ್ಯಾನ್‌ಸನ್‌ನನ್ನು ಕೊಂದದ್ದು ಮೇ 29ಕ್ಕೆ. ಹಿಂದೆ ತಿಂಗಳುಗಟ್ಟಲೆ ನಿಂತಿದ್ದ ಗುಡ್ಡದ ಕೋಟೆ ಜೂನ್ ಮೊದಲ ದಿನಗಳಲ್ಲೇ ಬರಿದಾಯಿತು.

ಹಾಗೆಂದು ಆ ಖರ್ಚೆಲ್ಲ ನೀರಲ್ಲಿ ಹೋಯಿತೆಂದು ನಾನು ಒಪ್ಪುವುದಿಲ್ಲ. ಕುದುರೆ ಸವಾರರ ಲೂಟಿ ತಡೆಯಲು ಕಟ್ಟಿದ ಗೋಡೆ ಆ ಕೆಲಸವನ್ನು ಮಾಡಿತು. ಮೊಹರಿಗೂ ತೋಪಿಗೂ ಅದನ್ನು ಕಟ್ಟಿರಲಿಲ್ಲ. ದತ್ತಿನ ತಕರಾರನ್ನು ತಡೆಯಬಲ್ಲ ಬಲ ಕಿತ್ತೂರಿನ ಸುತ್ತಣ ಸಂಸ್ಥಾನಗಳು ಒಂದಾಗಿದ್ದರೆ ಮಾತ್ರ ಇರುತ್ತಿತ್ತು. ಅವು ಒಂದಾಗಲಿಲ್ಲ. ಕಿತ್ತೂರಿನ ಹೋರಾಟ ನಡೆಸಿದ ರಾಣಿ ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ 1829ರಲ್ಲಿ ತೀರಿಕೊಂಡರು. ಅವರ ಸಮಾಧಿ ಇಲ್ಲೇ ಇದೆ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ ಬರುವವರು ಬೈಲಹೊಂಗಲಕ್ಕೂ ಬನ್ನಿ, ಮಕ್ಕಳನ್ನೂ ಕರೆತನ್ನಿ.