ಬೇಕಲದ ಮಳೆಗಾಲ, ಹೆಸರಿಲ್ಲದ ಕೋಟೆ: ‘ಬಾಂಬೆ’ ಚಿತ್ರದ ಒಂದು ಹಾಡಿನ ದೃಶ್ಯಶೈಲಿ ಮತ್ತು ಪ್ರಾತಿನಿಧ್ಯ

ಕಾಸರಗೋಡು ಪೇಟೆಯಿಂದ ತೆಂಕಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿ, ಕಡಲಿಗೆ ಚಾಚಿದ ಗುಡ್ಡದ ಮೇಲೆ ಬೇಕಲ ಕೋಟೆ ಇದೆ. ಮಣಿರತ್ನಂ ನಿರ್ದೇಶನದ ‘ಬಾಂಬೆ’ 1995ರ ಮಾರ್ಚ್‌ನಲ್ಲಿ ತೆರೆಕಂಡಾಗ ಈ ಕೋಟೆ ಒಂದೇ ಒಂದು ಹಾಡಿನ ಮೂಲಕ ದೇಶದ ಉದ್ದಗಲಕ್ಕೂ ಹೋಯಿತು. ತಮಿಳಿನಲ್ಲಿ ‘ಉಯಿರೇ’, ಹಿಂದಿಯಲ್ಲಿ ‘ತೂ ಹೀ ರೇ’ ಎಂದು ಹೆಸರಾದ ಆ ಹಾಡನ್ನು ಟಿ.ವಿ. ವಾಹಿನಿಗಳು ಚಿತ್ರದಿಂದ ಬಿಡಿಸಿ, ಬಿಡಿ ಮ್ಯೂಸಿಕ್ ವಿಡಿಯೋದಂತೆಯೇ ಮತ್ತೆ ಮತ್ತೆ ತೋರಿಸಿದವು. ಕೋಟೆ ಹೋಯಿತು, ಅದರ ಹೆಸರು ಹೋಗಲಿಲ್ಲ. ಕಥೆಯ ಪ್ರಕಾರ ಅದು ತಮಿಳುನಾಡಿನ ಒಂದು ಕಡಲೂರಿನ ಪಾಳುಕೋಟೆ.

ಹಾಡಿನ ದೃಶ್ಯ ಏನನ್ನು ಅಳಿಸುತ್ತದೆ, ಏನನ್ನು ಉಳಿಸಿಕೊಳ್ಳುತ್ತದೆ, ಆ ಅಳಿಸುವಿಕೆಯ ಭಾರ ಯಾರ ಮೇಲೆ ಬೀಳುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ವಿವೇಚನೆಗೆ ಆಧಾರ ಹಾಡಿನ ಚಿತ್ರಿಕೆಯೇ. ಹೋಲಿಕೆಗಾಗಿ ಅಮೆರಿಕದ ಒಂದು ಜಾಝ್ ಕಿರುಚಿತ್ರವನ್ನೂ ಕಾಸರಗೋಡಿನ ಒಂದು ಕನ್ನಡ ಕಾದಂಬರಿಯನ್ನೂ ಒಂದು ಕನ್ನಡ ಚಲನಚಿತ್ರವನ್ನೂ ಬಳಸಿಕೊಳ್ಳಲಾಗಿದೆ.

ನೆರಳಿನ ರಾಜಕಾರಣ: 1944ರ ಒಂದು ಮಾದರಿ

ಸಂಗೀತವನ್ನು ಕಣ್ಣಿಗೆ ಕಾಣಿಸುವ ಕಲೆ ಟಿ.ವಿ.ಗಿಂತ ಹಳೆಯದು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅಭಿನಯಿಸಿದ ‘ಸೇಂಟ್ ಲೂಯಿಸ್ ಬ್ಲೂಸ್’ ಎಂಬ ಕಿರುಚಿತ್ರ 1929ರಷ್ಟು ಹಿಂದಿನದು. ಈ ಪರಂಪರೆಯಲ್ಲಿ ಶೈಲಿಯ ದೃಷ್ಟಿಯಿಂದ ಎದ್ದು ಕಾಣುವುದು ಛಾಯಾಗ್ರಾಹಕ ಗ್ಯೋನ್ ಮಿಲಿ ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ ನಿರ್ದೇಶಿಸಿದ, ಹತ್ತು ನಿಮಿಷದ ‘ಜ್ಯಾಮಿನ್ ದ ಬ್ಲೂಸ್’ (1944). ಅದರ ಮೊದಲ ಚಿತ್ರಿಕೆಯಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಒಂದರೊಳಗೊಂದು ವೃತ್ತಗಳು ಕಾಣುತ್ತವೆ, ಸಿಗರೇಟಿನ ಹೊಗೆ ಸುಳಿಯುತ್ತದೆ. ಆ ವೃತ್ತಗಳು ಮೆಲ್ಲನೆ ಮೇಲೆದ್ದಾಗಲೇ ಅವು ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗನ ಟೊಪ್ಪಿ ಎಂದು ತಿಳಿಯುವುದು. ಕ್ಲಬ್ಬಿಲ್ಲ, ಊರಿಲ್ಲ. ಕತ್ತಲೆ, ಬೆಳಕು ಮತ್ತು ವಾದ್ಯ ಹಿಡಿದ ಮೈಗಳಷ್ಟೇ ಇವೆ.

ಆ ಸೊಗಸಿನ ಅಡಿಯಲ್ಲೇ ಒಂದು ಮರೆಮಾಚುವಿಕೆ ಇದೆ. ತಂಡದಲ್ಲಿದ್ದ ಒಬ್ಬನೇ ಬಿಳಿಯ, ಗಿಟಾರ್ ವಾದಕ ಬಾರ್ನಿ ಕೆಸ್ಸೆಲ್, ಬಹುಪಾಲು ನೆರಳಲ್ಲೇ ಉಳಿಯುತ್ತಾನೆ. ಹತ್ತಿರದ ಚಿತ್ರಿಕೆಗಾಗಿ ಅವನ ಕೈಗಳಿಗೆ ಹಣ್ಣಿನ ರಸದ ಬಣ್ಣ ಬಳಿಯಲಾಗಿತ್ತು. ಕರಿಯರೂ ಬಿಳಿಯರೂ ಒಟ್ಟಿಗೆ ನುಡಿಸುವುದನ್ನು ಅಂದಿನ ಅಮೆರಿಕದ ಪರದೆ ಸುಲಭವಾಗಿ ಸಹಿಸುತ್ತಿರಲಿಲ್ಲ. ಚಿತ್ರದ ನೆರಳಿಗೆ ಹೀಗೆ ಎರಡು ಕೆಲಸ. ನೋಡುವವನಿಗೆ ಅದು ಶೈಲಿ, ಮಾರುವವನಿಗೆ ಅದು ಮುನ್ನೆಚ್ಚರಿಕೆ. ಬೇಕಲದ ಹಾಡನ್ನು ನೋಡುವಾಗ ಈ ಎರಡು ಕೆಲಸಗಳನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕಲ್ಲು, ಪಾಚಿ, ಮಳೆಗಾಲದ ಬೆಳಕು

‘ಬಾಂಬೆ’ಯ ಛಾಯಾಗ್ರಾಹಕ ರಾಜೀವ್ ಮೆನನ್. ಮುಂಬೈ ಗಲಭೆಯ ಕಥೆಯಾದರೂ ಚಿತ್ರ ಆದಷ್ಟೂ ಚೆಲುವಾಗಿ ಕಾಣಬೇಕು ಎಂದು ನಿರ್ದೇಶಕರು ಬಯಸಿದ್ದರೆಂದೂ, ಮನೆಯ ಒಳಾಂಗಣಕ್ಕೆ ಪೊಳ್ಳಾಚಿಯನ್ನು, ಹೊರಾಂಗಣಕ್ಕೆ ಕಾಸರಗೋಡು ಮತ್ತು ಕಣ್ಣೂರನ್ನು ಆರಿಸಿಕೊಂಡದ್ದೆಂದೂ ಅವರು ಹೇಳಿಕೊಂಡಿದ್ದಾರೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಮಳೆಗಾಲದ ಬೆಳಕಿಗೆ ಅದರದೇ ಗುಣವಿದೆ. ಮೋಡ ಕವಿದ ಬಾನಿನಡಿ ಗಡುಸಾದ ನೆರಳು ಬೀಳುವುದಿಲ್ಲ. ಬೇಸಗೆಯಲ್ಲಿ ಕೆಂಪಗೆ ಒಣಗಿ ನಿಲ್ಲುವ ಮುರಕಲ್ಲಿನ ಗೋಡೆ ತೋಯ್ದು ಕಪ್ಪಾಗುತ್ತದೆ, ಅದರ ಮೇಲೆ ಪಾಚಿ ಹಬ್ಬುತ್ತದೆ. ಹಸಿರು, ಕಪ್ಪು, ಕಡಲ ಬೂದು: ಹಾಡಿನ ಬಣ್ಣಗಳು ಹೆಚ್ಚುಕಡಿಮೆ ಇಷ್ಟೇ. ಬೇಸಗೆಯ ಬಿಸಿಲಲ್ಲಿ ಇದೇ ಹಾಡನ್ನು ತೆಗೆದಿದ್ದರೆ ಕೋಟೆ ಸ್ಮಾರಕದಂತೆ ಕಾಣುತ್ತಿತ್ತು. ಮಳೆಗಾಲ ಅದನ್ನು ಮನಃಸ್ಥಿತಿಯಾಗಿಸಿದೆ.

ಆ ಮನಃಸ್ಥಿತಿ ಕಾಯುವುದರದು. ಹಿಂದೂ ಯುವಕ ಶೇಖರ್ (ಅರವಿಂದ್ ಸ್ವಾಮಿ) ಕೋಟೆಯಲ್ಲಿ ಕಾಯುತ್ತಾನೆ, ಕೆಳಗೆ ಅಲೆಗಳು ಬಂಡೆಗೆ ಬಡಿಯುತ್ತವೆ. ಎ.ಆರ್. ರೆಹಮಾನ್ ಸಂಯೋಜಿಸಿದ ಹಾಡಿನಲ್ಲಿ ಹರಿಹರನ್ ಅವರ ದನಿ ಸ್ವರಗಳನ್ನು ನೀಳವಾಗಿ ಎಳೆದು ನಿಲ್ಲಿಸುತ್ತದೆ. ಗಾಯಕಿಯ ದನಿ, ಅಂದರೆ ತಮಿಳಿನಲ್ಲಿ ಕೆ.ಎಸ್. ಚಿತ್ರಾ ಮತ್ತು ಹಿಂದಿಯಲ್ಲಿ ಕವಿತಾ ಕೃಷ್ಣಮೂರ್ತಿ, ಕೇಳಿಸುವುದು ತಡವಾಗಿ. ಅವನು ಪ್ರೀತಿಸುವ ಮುಸ್ಲಿಂ ಹುಡುಗಿ ಶೈಲಾ ಬಾನುವಿನ (ಮನೀಷಾ ಕೊಯಿರಾಲಾ) ಪಾಲಿಗೆ ಅಲ್ಲಿಯವರೆಗೆ ಇರುವುದು ಓಟ ಮಾತ್ರ. ನಿಂತ ಗಂಡು, ಓಡುವ ಹೆಣ್ಣು ಎಂಬ ಈ ಹಂಚಿಕೆಯನ್ನು ಲಯಬದ್ಧಗೊಳಿಸಿದ್ದು ಸಂಕಲನ. ಸಂಕಲನಕಾರ ಸುರೇಶ್ ಅರಸ್ ಕನ್ನಡಿಗರು. ‘ಬಾಂಬೆ’ಯ ಸಂಕಲನಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮಣಿರತ್ನಂ ಅವರ ಮೊದಲ ಚಿತ್ರವೂ ಕನ್ನಡದ್ದೇ, 1983ರ ‘ಪಲ್ಲವಿ ಅನುಪಲ್ಲವಿ’. ಕನ್ನಡದ ಕೈಗಳು ಹಾಡಿನ ತಯಾರಿಯಲ್ಲಿದ್ದವು, ಕನ್ನಡದ ಚರಿತ್ರೆ ಕೋಟೆಯ ಕಲ್ಲಿನಲ್ಲಿತ್ತು. ಚಿತ್ರದ ಕಥೆಯೊಳಗೆ ಮಾತ್ರ ಕನ್ನಡಕ್ಕೆ ಜಾಗವಿರಲಿಲ್ಲ.

ಲಂಗರಿಗೆ ಸಿಕ್ಕ ಬುರ್ಖಾ

ಹಾಡಿನ ಬಗ್ಗೆ ಹೆಚ್ಚು ಚರ್ಚೆಯಾದದ್ದು ಒಂದು ಚಿಕ್ಕ ಗಳಿಗೆ. ಓಡುತ್ತಿರುವ ಶೈಲಾಳ ಬುರ್ಖಾ ಲಂಗರಿಗೆ ಸಿಕ್ಕಿಕೊಳ್ಳುತ್ತದೆ. ಆಕೆ ಅದನ್ನು ಅಲ್ಲೇ ಬಿಟ್ಟು ಅವನ ಕಡೆಗೆ ಓಡುತ್ತಾಳೆ. ಕಥೆಯ ದೃಷ್ಟಿಯಿಂದ ಇದು ಆಕೆಯ ಆಯ್ಕೆ. ಚಿತ್ರಿಕೆಯ ದೃಷ್ಟಿಯಿಂದ ಅಷ್ಟು ಸರಳವಿಲ್ಲ. ಬಟ್ಟೆಯನ್ನು ಹಿಡಿದದ್ದು ಒಂದು ವಸ್ತು. ಆಕೆ ಕಳಚಿದಳೇ ಅಥವಾ ಕಳಚಿಕೊಂಡಿತೇ ಎಂಬುದನ್ನು ದೃಶ್ಯ ತೀರ್ಮಾನಿಸದೆ ಬಿಡುತ್ತದೆ. ಲಂಗರು ದೋಣಿಯನ್ನು ಕದಲದಂತೆ ಹಿಡಿಯುವ ಸಾಧನವಾದ್ದರಿಂದ ಸಮುದಾಯವನ್ನು ಹಿಡಿತವೆಂದೂ ಪ್ರೇಮವನ್ನು ಬಿಡುಗಡೆಯೆಂದೂ ಓದುವ ದಾರಿ ಪ್ರೇಕ್ಷಕನಿಗೆ ತಾನಾಗಿ ತೆರೆದುಕೊಳ್ಳುತ್ತದೆ.

ಶೇಖರ್ ಏನನ್ನೂ ಕಳಚಬೇಕಾಗಿಲ್ಲ. ಅವನ ಹಿಂದೂ ಗುರುತು ಉಡುಗೆಯಲ್ಲಿ ಕಾಣುವಂಥದ್ದಲ್ಲ. ಆದ್ದರಿಂದ ಅದು ಗುರುತೇ ಅಲ್ಲವೆಂಬಂತೆ, ಎಲ್ಲರದೂ ಹೌದೆಂಬಂತೆ ಚೌಕಟ್ಟಿನಲ್ಲಿ ಉಳಿಯುತ್ತದೆ. ರವಿ ವಾಸುದೇವನ್ ಅವರಂಥ ವಿದ್ವಾಂಸರು ಚಿತ್ರದ ಸಾರ್ವಜನಿಕ ಸ್ವೀಕಾರವನ್ನು ಚರ್ಚಿಸಿದ್ದಾರೆ, ಲಲಿತಾ ಗೋಪಾಲನ್ ಇಡೀ ಪುಸ್ತಕವನ್ನೇ ಬರೆದಿದ್ದಾರೆ (2005). ಅವರ ಚರ್ಚೆಗೆ ಈ ಕರಾವಳಿಯ ಕಡೆಯಿಂದ ಸೇರಿಸಬೇಕಾದ ಒಂದು ಹೆಸರಿದೆ: ಸಾರಾ ಅಬೂಬಕ್ಕರ್.

ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಬರೆದ ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದದ್ದು ‘ಬಾಂಬೆ’ಗಿಂತ ದಶಕಕ್ಕೂ ಮೊದಲು. ಚಂದ್ರಗಿರಿ ಹೊಳೆ ಬೇಕಲಕ್ಕೆ ಬಡಗಣ ನೆರೆ. ಕಾದಂಬರಿಯ ನಾದಿರಾ ತಂದೆಯ ಹಟ, ತಲಾಖ್, ಮರುಮದುವೆಯ ನಿಯಮ ಇವೆಲ್ಲದರ ನಡುವೆ ನಲುಗುತ್ತಾಳೆ. ಪುರುಷಾಧಿಕಾರದ ಟೀಕೆ ಇಲ್ಲಿ ಹಾಡಿನಲ್ಲಿರುವುದಕ್ಕಿಂತ ಎಷ್ಟೋ ಪಾಲು ಕಟುವಾಗಿದೆ. ಆದರೆ ಆ ಟೀಕೆ ಹೊಸಿಲೊಳಗಿನಿಂದ, ಮನೆಮಾತಿನಲ್ಲಿ, ತಾಯಿ ಮಗಳ ನಡುವೆ ಹುಟ್ಟುತ್ತದೆ. ನಾದಿರಾಳ ಸಂಕಟಕ್ಕೆ ಕಾರಣ ಬಟ್ಟೆಯಲ್ಲ, ತನ್ನ ಬಾಳಿನ ತೀರ್ಮಾನದಲ್ಲಿ ತನಗೆ ಮಾತಿಲ್ಲದಿರುವುದು. ಹಾಡಿನ ಶೈಲಾಳಿಗೆ ಕ್ಯಾಮೆರಾ ಓಟವನ್ನು ಕೊಟ್ಟಿದೆ, ನೆರೆಹೊರೆಯನ್ನು ಕೊಟ್ಟಿಲ್ಲ. ಒಂದೇ ಕರಾವಳಿಯ ಮುಸ್ಲಿಂ ಹೆಣ್ಣಿನ ಈ ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟಾಗ ಬುರ್ಖಾದ ರೂಪಕ ಎಷ್ಟು ಹೊರಗಿನದೆಂದು ಕಾಣುತ್ತದೆ.

ಇಬ್ಬರು ನಾಯಕರು, ಎರಡು ಕಟ್ಟಡಗಳು

ಬೇಕಲ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಸುಮಾರು 40 ಎಕರೆಯ ಈ ಕೋಟೆ ಮುಂದೆ ಹೈದರ್ ಮತ್ತು ಟಿಪ್ಪುವಿನ ಕೈಗೆ, 1799ರ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಇದೇ ಚಿತ್ರದ ಇನ್ನೊಂದು ಹಾಡು ‘ಕಣ್ಣಾಳನೇ’ಯನ್ನು ಮಧುರೆಯ ತಿರುಮಲೈ ನಾಯಕರ ಅರಮನೆಯಲ್ಲಿ ಚಿತ್ರಿಸಲಾಗಿತ್ತು. ತಿರುಮಲೈ ನಾಯಕ ಆಳಿದ್ದು 1623ರಿಂದ 1659ರವರೆಗೆ, ಶಿವಪ್ಪ ನಾಯಕ 1645ರಿಂದ 1660ರವರೆಗೆ. ಇಬ್ಬರೂ ಸಮಕಾಲೀನರು, ಇಬ್ಬರ ಮನೆತನಗಳೂ ವಿಜಯನಗರದ ನೆರಳಲ್ಲಿ ಬೆಳೆದವು. ಕನ್ಯಾಮನದ ಮೊದಲ ಕುತೂಹಲಕ್ಕೆ ಒಬ್ಬನ ಕಂಬಸಾಲು, ಕಾಯುವ ಪ್ರೇಮಕ್ಕೆ ಇನ್ನೊಬ್ಬನ ಕೊತ್ತಳ ಒದಗಿದವು. 1992ರ ಡಿಸೆಂಬರಿನಿಂದ ಮುಂಬೈಯಲ್ಲಿ ನಡೆದ ಗಲಭೆಗಳ ಬಗೆಗಿನ ಚಿತ್ರ, ತನ್ನ ಪ್ರೇಮದ ಭಾಗವನ್ನು ಹದಿನೇಳನೆಯ ಶತಮಾನದ ಎರಡು ಕಟ್ಟಡಗಳಲ್ಲಿ, ಅವೆರಡನ್ನೂ ಹೆಸರಿಸದೆ ನೆಲೆಗೊಳಿಸಿತು.

ಹೆಸರಿಸದಿರುವುದಕ್ಕೆ ವ್ಯಾವಹಾರಿಕ ಕಾರಣವೂ ಇದೆ. ತಮಿಳಿನಲ್ಲಿ ತೆಗೆದ ಚಿತ್ರ ಹಿಂದಿಗೂ ತೆಲುಗಿಗೂ ಡಬ್ ಆಯಿತು. ಬಸ್ಸಿನ ಫಲಕವಾಗಲಿ ಅಂಗಡಿಯ ಬೋರ್ಡಾಗಲಿ ಕಾಣದ ಕೋಟೆಯ ಮೇಲೆ ಯಾವ ಭಾಷೆಯನ್ನು ಹೊದಿಸಿದರೂ ಒಪ್ಪುತ್ತದೆ. ಬೇಕಲದ ವಾಸ್ತವ ಇದಕ್ಕೆ ತೀರ ವಿರುದ್ಧ. ಕೋಟೆಯ ಬಾಗಿಲಲ್ಲಿ ಆಂಜನೇಯನ ಗುಡಿ, ಹತ್ತಿರದಲ್ಲೇ ಹಳೆಯ ಮಸೀದಿ, ಸುತ್ತ ಮೀನುಗಾರರ ಊರುಗಳು. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಒಂದರೊಳಗೊಂದು ಬೆರೆಯುವ ಜಿಲ್ಲೆ ಇದು. ಹಿಂದೂ ಮುಸ್ಲಿಂ ಸಹಬಾಳ್ವೆಯನ್ನೇ ವಸ್ತುವಾಗಿಸಿಕೊಂಡ ಚಿತ್ರ, ಅದರ ನಿತ್ಯದ ಸಾಕ್ಷ್ಯವಿದ್ದ ಜಾಗದಲ್ಲೇ ಕ್ಯಾಮೆರಾ ಇಟ್ಟು, ಗುಡಿ ಮಸೀದಿಗಳನ್ನೂ ಜನರನ್ನೂ ಚೌಕಟ್ಟಿನ ಆಚೆಗೆ ಬಿಟ್ಟಿತು.

ಚೌಕಟ್ಟಿನ ಆಚೆಗೆ ಬಿದ್ದ ಅನುಭವ ಈ ನೆಲಕ್ಕೆ ಹೊಸದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ವಿವಾದದ ಬಗೆಗಿನ 1967ರ ಮಹಾಜನ್ ವರದಿ ಚಂದ್ರಗಿರಿಯ ಬಡಗಣ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದಿತು. ಕೆಳದಿಯ ಅರಸ ಕಟ್ಟಿಸಿದ ಬೇಕಲ ಆ ಗೆರೆಗೂ ತೆಂಕಣಕ್ಕೆ ಉಳಿಯಿತು. ಕನ್ನಡದ ಹಕ್ಕೊತ್ತಾಯದ ನಕಾಶೆಯಲ್ಲೂ ಇಲ್ಲದ, ತಮಿಳು ಕಥೆಯಲ್ಲಿ ಹೆಸರೂ ಇಲ್ಲದ ಕೋಟೆಯನ್ನು ಅದರ ಹೆಸರಿನಿಂದಲೇ ಕರೆಯಲು ಮುಂದಾದದ್ದು ಪ್ರವಾಸೋದ್ಯಮ. ಕೇಂದ್ರ ಸರ್ಕಾರ ಬೇಕಲವನ್ನು ವಿಶೇಷ ಪ್ರವಾಸಿ ವಲಯವೆಂದು ಘೋಷಿಸಿದ್ದು 1992ರಲ್ಲಿ, ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ ಹುಟ್ಟಿದ್ದು ಚಿತ್ರ ಬಂದ 1995ರಲ್ಲೇ. ಯೋಜನೆ ಹಾಡಿಗಿಂತ ಮೊದಲಿನದು, ಆದ್ದರಿಂದ ಹಾಡೇ ಬೇಕಲವನ್ನು ಸೃಷ್ಟಿಸಿತೆನ್ನುವುದು ಸಲ್ಲದು. ಆದರೂ ಪ್ರವಾಸಿ ಬರಹಗಳು ಕೋಟೆಯನ್ನು ಪರಿಚಯಿಸುವಾಗ ಶಿವಪ್ಪ ನಾಯಕನ ಜೊತೆಗೇ ಮಣಿರತ್ನಂ ಹೆಸರನ್ನೂ ಎತ್ತುತ್ತವೆ.

ತಿರುವುಮುರುವಾದ ಇನ್ನೊಂದು ಉದಾಹರಣೆ

2018ರಲ್ಲಿ ಬಂದ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಊರಿನ ಹೆಸರನ್ನು ಶೀರ್ಷಿಕೆಯಲ್ಲೇ ಹೊತ್ತಿದೆ. ಮುಚ್ಚಲಿರುವ ಕನ್ನಡ ಶಾಲೆಯೊಂದನ್ನು ಉಳಿಸಿಕೊಳ್ಳುವ ಕಥೆ ಅದು. ವಾಸುಕಿ ವೈಭವ್ ಸಂಗೀತದ ಹಾಡುಗಳಲ್ಲಿ ಮಕ್ಕಳ ಗದ್ದಲ, ತರಗತಿ, ಕರಾವಳಿಯ ಆಡುಮಾತು ಎಲ್ಲವೂ ಇವೆ, ಪರದೆಯ ತುಂಬ ಜನರಿದ್ದಾರೆ. ಆ ಶಾಲೆಯ ದೃಶ್ಯಗಳನ್ನು ತೆಗೆದದ್ದು ಮಾತ್ರ ಗಡಿಯ ಈಚೆಗಿನ, ದಕ್ಷಿಣ ಕನ್ನಡದ ಕೈರಂಗಳದಲ್ಲಿ. ‘ಬಾಂಬೆ’ ಕಾಸರಗೋಡಿನ ನೆಲವನ್ನು ಪಡೆದು ಹೆಸರನ್ನು ಬಿಟ್ಟಿತು. ಈ ಚಿತ್ರ ಹೆಸರನ್ನು ಪಡೆದು ನೆಲವನ್ನು ಪಕ್ಕದಿಂದ ತಂದಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೈರಂಗಳದ ಶಾಲೆ ಕಾಸರಗೋಡಿನದಾಗಿ ನಿಂತಾಗ ಭಾಷೆ, ಉಡುಗೆ, ಬದುಕಿನ ಕ್ರಮ ಯಾವುದನ್ನೂ ಅಳಿಸಬೇಕಾಗಲಿಲ್ಲ, ಏಕೆಂದರೆ ಗಡಿಯ ಎರಡೂ ಬದಿಯಲ್ಲಿ ಅವು ಹೆಚ್ಚುಕಡಿಮೆ ಒಂದೇ. ಬೇಕಲ ತಮಿಳು ಕಡಲೂರಾಗಿ ನಿಲ್ಲಲು ಕೋಟೆಯಿಂದ ಜನರೆಲ್ಲ ಹೊರಹೋಗಬೇಕಾಯಿತು. ಲೆಸ್ಟರ್ ಯಂಗನ ಟೊಪ್ಪಿಯ ಸುತ್ತಲಿನ ಕತ್ತಲೆ ಹೇಗೋ ಹಾಗೆ ಇಲ್ಲಿನ ಖಾಲಿತನಕ್ಕೂ ಸೊಗಸು, ಜಾಗ್ರತೆ ಎರಡೂ ಕಾರಣ. 1944ರಲ್ಲಿ ನೆರಳು ಬಿದ್ದದ್ದು ಬಿಳಿಯ ವಾದಕನ ಮೇಲೆ, ಕರಿಯ ಕಲಾವಿದರ ಮುಖಗಳು ಬೆಳಕಿನಲ್ಲಿದ್ದವು. ಬೇಕಲದಲ್ಲಿ ಬೆಳಕಿಗೆ ಬರಲು ಬಟ್ಟೆಯನ್ನು ಬಿಟ್ಟು ಬರಬೇಕಾದವಳು ಶೈಲಾ ಒಬ್ಬಳೇ, ಮತ್ತು ಆಕೆ ಓಡಿ ಬಂದ ಊರಿನ ಒಂದು ಮುಖವೂ ಆ ಹಾಡಿಗೆ ಬೇಕಾಗಲಿಲ್ಲ.