ಬಯಲನ್ನು ಎಣಿಸಿದವರು

ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥವಿದೆ. ಹನ್ನೊಂದನೇ ಶತಮಾನದ ಗಳಗೇಶ್ವರ ದೇವಾಲಯವನ್ನು ನೋಡಲು ಬರುವವರು ಬರುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಊರು ಗೊತ್ತಿರುವುದು ಬೇರೆ ಕಾರಣಕ್ಕೆ. ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡು ಕನ್ನಡಕ್ಕೆ ಐತಿಹಾಸಿಕ ಕಾದಂಬರಿಯ ರುಚಿ ಹತ್ತಿಸಿದರು. ಹೀಗೆ ಈ ಸೀಮೆಯ ಅರಸರ ಚರಿತ್ರೆಗೆ ಶಾಸನವೂ ಉಂಟು, ಕಾದಂಬರಿಯೂ ಉಂಟು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ನಡುವಿನ ಬಯಲಿನ ಚರಿತ್ರೆ, ಅಂದರೆ ಹುಲ್ಲು, ಚಿಗರಿ, ತೋಳ, ಹಕ್ಕಿಗಳ ಚರಿತ್ರೆ ಎಲ್ಲಿ ಸಿಗುತ್ತದೆ?

ಒಂದಿಷ್ಟು ಸಿಗುವುದು ಬಂದೂಕು ಹಿಡಿದವರ ಬರಹದಲ್ಲಿ. ಬೆಳಗಾವಿಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಇ.ಎ. ಬಟ್ಲರ್, ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು 1881ರಲ್ಲಿ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಪತ್ರಿಕೆಯನ್ನು ನಡೆಸುತ್ತಿದ್ದವನು ಎ.ಒ. ಹ್ಯೂಮ್. ಮುಂದೆ ಕಾಂಗ್ರೆಸ್ ಸ್ಥಾಪನೆಯಲ್ಲಿ ಹೆಸರಾದ ಅದೇ ಹ್ಯೂಮ್. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದ ಈ ದಕ್ಷಿಣ ಮರಾಠಾ ಸೀಮೆಯೊಳಗೇ ಇತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು ತೀರ ಈಚೆಗೆ, 1997ರಲ್ಲಿ. ಬಟ್ಲರ್ ತನ್ನ ಪಟ್ಟಿಯನ್ನು 'ತಾತ್ಕಾಲಿಕ' ಎಂದೇ ಕರೆದಿದ್ದಾನೆ. ಆ ಕಾಲದ ಅಧಿಕಾರಿಗಳಲ್ಲಿ ಈ ವಿನಯ ಅಪರೂಪವಾದ್ದರಿಂದ ನನಗೆ ಅದು ಇಷ್ಟ. ಪಟ್ಟಿಯಲ್ಲಿ ಯಾವ ಹಕ್ಕಿ ಇತ್ತು ಎಂಬುದು ಗೊತ್ತಾಗುತ್ತದೆ, ಎಷ್ಟಿದ್ದವು ಎಂಬುದು ಗೊತ್ತಾಗುವುದಿಲ್ಲ. ಆಗ ಹಕ್ಕಿಯನ್ನು ಗುರುತಿಸುವುದೆಂದರೆ ಹೊಡೆದು, ಚರ್ಮ ತೆಗೆದು, ಚೀಟಿ ಕಟ್ಟಿ ಇಡುವುದು. ಎಣಿಕೆ ಯಾರ ತಲೆಯಲ್ಲೂ ಇರಲಿಲ್ಲ.

ಎಣಿಕೆ ಇಲ್ಲದೆ ಹೋದದ್ದರ ನಷ್ಟ ಗೊತ್ತಾಗುವುದು ಒಂದು ಹಕ್ಕಿಯ ವಿಷಯದಲ್ಲಿ. ಅದನ್ನು ನಮ್ಮ ಕಡೆ ಎರೆಭೂತ ಅನ್ನುತ್ತಾರೆ, ಎರ್ಲಡ್ಡು ಎಂದೂ ಉಂಟು. ಎರೆ ಅಂದರೆ ಕಪ್ಪು ಮಣ್ಣು, ಹಕ್ಕಿಯ ವಿಳಾಸ ಅದರ ಹೆಸರಿನಲ್ಲೇ ಇದೆ. ನಿಂತರೆ ಒಂದು ಮೀಟರ್ ಎತ್ತರ. ಗಂಡು ಹದಿನೈದು ಕಿಲೋದವರೆಗೂ ತೂಗುತ್ತದೆ, ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಕಡಿಮೆ. ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಟ್ಟು, ದೂರದಿಂದ ಬರುವ ಅಪಾಯವನ್ನು ಕಣ್ಣಳತೆಯಲ್ಲೇ ಕಾಣುತ್ತ ಬದುಕುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು ಮರವಿಲ್ಲದ ಬಯಲು. ರಾಷ್ಟ್ರಪಕ್ಷಿಯನ್ನು ಆರಿಸುವಾಗ ಸಲೀಂ ಅಲಿ ಇದರ ಪರವಾಗಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

ಮರವಿಲ್ಲದ ಬಯಲನ್ನು ಸರ್ಕಾರದ ಕಡತ 'ಪಾಳು' ಅನ್ನುತ್ತದೆ. ಕಂದಾಯ ಬಾರದ, ಉಳದ ನೆಲ ಪಾಳು ಎಂಬ ಲೆಕ್ಕ ಬ್ರಿಟಿಷರ ಕಾಲದಿಂದ ಬಂದದ್ದು. ಸ್ವಾತಂತ್ರ್ಯ ಬಂದ ಮೇಲೂ ಅದು ಬದಲಾಗಲಿಲ್ಲ. ಪಾಳು ನೆಲಕ್ಕೆ ಮರ ನೆಡುವುದು ಪುಣ್ಯದ ಕೆಲಸ, ಅದರಲ್ಲೂ ಬೇಗ ಬೆಳೆಯುವ ನೀಲಗಿರಿ ಸಿಕ್ಕರೆ ಕೇಳುವುದೇ ಬೇಡ. ರಾಣೆಬೆನ್ನೂರಿನ ಬಯಲಲ್ಲೂ ನೀಲಗಿರಿ ಸಾಲುಗಟ್ಟಿತು. ಆಮೇಲೆ, 1972ರ ವನ್ಯಜೀವಿ ಕಾಯ್ದೆ ಬಂದ ಎರಡೇ ವರ್ಷಕ್ಕೆ, 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಒಟ್ಟು ಸುಮಾರು 119 ಚದರ ಕಿಲೋಮೀಟರು. ಅದರ ಒಳಭಾಗ, ಹುಣಸಿಕಟ್ಟಿಯ ಕಡೆಯದು, ಹದಿನೈದು ಚದರ ಕಿಲೋಮೀಟರಿಗೂ ಸ್ವಲ್ಪ ಕಡಿಮೆ.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಮನುಷ್ಯ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಮರ ನೆಡಿಸಿದರೆಂದು ಅವರನ್ನು ಜನ ನೆನೆಯುತ್ತಾರೆ. ಅವರು ತೀರಿಕೊಂಡದ್ದು 2021ರಲ್ಲಿ. ಅದೇ ನೇಗಿನಹಾಳರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ, ರಾಣೆಬೆನ್ನೂರಿನಲ್ಲಿ ಮರ ನೆಟ್ಟದ್ದರಿಂದ ಕಾಡುಪ್ರಾಣಿಗಳ ಮೇಲೆ ಏನಾಯಿತು ಎಂದು ಬರೆದರು. ಮರ ನೆಡುವ ಇಲಾಖೆಯವನೇ ಮರ ನೆಟ್ಟದ್ದರ ಪರಿಣಾಮವನ್ನು ದಾಖಲಿಸುವುದು ಸಣ್ಣ ವಿಷಯವಲ್ಲ.

ಪರಿಣಾಮ ಸರಳವಾಗಿಯೂ ಇರಲಿಲ್ಲ. ನೀಲಗಿರಿ ಚಿಕ್ಕದಿದ್ದಾಗ ನಡುವೆ ಹುಲ್ಲು ಉಳಿದಿತ್ತು, ದನ ಮತ್ತು ಬೇಟೆಗಾರರ ಓಡಾಟಕ್ಕೆ ಕಾವಲಿತ್ತು. ಚಿಗರಿಗೆ ಅದು ಅನುಕೂಲವೇ ಆಯಿತು. ಮರ ಎತ್ತರವಾದಂತೆ ಎರೆಭೂತಕ್ಕೆ ದೂರ ಕಾಣದಾಯಿತು. ಚಿಗರಿ ಹೆಚ್ಚಿತು, ಎರೆಭೂತ ಮರೆಯಾಯಿತು. ಒಂದೇ ನೆಲ, ಒಂದೇ ಯೋಜನೆ, ಎರಡು ಜೀವಿಗಳಿಗೆ ಎರಡು ಉತ್ತರ. 1980ರಲ್ಲಿ ಜೈಪುರದಲ್ಲಿ ಈ ಜಾತಿಯ ಹಕ್ಕಿಗಳ ಬಗ್ಗೆಯೇ ಅಂತರರಾಷ್ಟ್ರೀಯ ಸಮಾವೇಶ ಸೇರುವ ಹೊತ್ತಿಗೆ ದೇಶದ ತುಂಬ ಇದೇ ಚಿಂತೆಯಾಗಿತ್ತು.

ಇಲ್ಲೇ ಕ್ಷೇತ್ರಕಾರ್ಯದ ಕಷ್ಟ. ಹೊಸ ಹಕ್ಕಿ ಬಂದ ದಿನವನ್ನು ಎಲ್ಲರೂ ಬರೆದಿಡುತ್ತಾರೆ. ಹೋದ ದಿನವನ್ನು ಯಾರೂ ಬರೆಯುವುದಿಲ್ಲ, ಅದು ಕೊನೆಯ ದಿನವೆಂದು ಆ ದಿನ ಗೊತ್ತಿರುವುದಿಲ್ಲವಲ್ಲ. ಈ ವರ್ಷ ಕಾಣಲಿಲ್ಲ, ಮುಂದಿನ ವರ್ಷ ಕಂಡೀತು ಎಂದುಕೊಳ್ಳುತ್ತಲೇ ಹತ್ತು ವರ್ಷ ಹೋಗಿರುತ್ತದೆ.

ಇಂದಿನ ಎಣಿಕೆಯ ಪದ್ಧತಿ ಹುಟ್ಟಿದ್ದೇ ಈ ಮರೆವಿಗೆ ಮದ್ದಾಗಿ. ಮೊದಲೇ ಗುರುತು ಮಾಡಿದ ನೇರ ಗೆರೆಯೊಂದರ ಮೇಲೆ ನಸುಕಿನಲ್ಲಿ ನಿಧಾನ ನಡೆಯಬೇಕು. ಚಿಗರಿಯ ಹಿಂಡು ಕಂಡರೆ ಎಷ್ಟಿವೆ, ಗಂಡೆಷ್ಟು, ಮರಿಯೆಷ್ಟು, ಗೆರೆಯಿಂದ ಎಷ್ಟು ದೂರ, ಯಾವ ಕೋನ ಎಂದು ಬರೆಯಬೇಕು. ದೂರ ಯಾಕೆಂದರೆ, ಹತ್ತಿರದ್ದೆಲ್ಲ ಕಾಣುತ್ತದೆ, ದೂರದ್ದರಲ್ಲಿ ಕೆಲವು ತಪ್ಪುತ್ತವೆ. ಎಷ್ಟು ತಪ್ಪಿವೆ ಎಂಬುದನ್ನು ಆ ದೂರಗಳಿಂದಲೇ ಲೆಕ್ಕ ಹಾಕುತ್ತಾರೆ. ಬಯಲಲ್ಲಿ ಅರ್ಧ ಕಿಲೋಮೀಟರು ಕಾಣುವ ಹಿಂಡು ನೀಲಗಿರಿಯೊಳಗೆ ಐವತ್ತು ಹೆಜ್ಜೆಗೇ ಮಾಯ. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ ಎಂಬ ಪಾಠವನ್ನು ಈ ಕೆಲಸ ದಿನವೂ ಹೇಳುತ್ತದೆ. ಅದೇ ಗೆರೆಗೆ ಮುಂದಿನ ವರ್ಷವೂ, ಅದೇ ಋತುವಿನಲ್ಲಿ, ಬೇರೆ ಯಾರೋ ಬರಬೇಕು. ಒಬ್ಬರ ಒಂದು ಬೆಳಗಿನಿಂದ ಏನೂ ಸಿದ್ಧವಾಗುವುದಿಲ್ಲ.

ರೈತರ ಎಣಿಕೆ ಬೇರೆ. ಅಭಯಾರಣ್ಯದ ಅಂಚಿನ ಗೋವಿನಜೋಳದ ಹೊಲದವನಿಗೆ ರಾತ್ರಿ ಬಂದ ಚಿಗರಿ ಎಷ್ಟೆಂದು ಬೆಳಿಗ್ಗೆ ಮುರಿದ ಸಾಲು ನೋಡಿದರೆ ಸಾಕು. ಅವನನ್ನು ಕೇಳದೆ ಮಾಡಿದ ಗಣತಿ ಅರ್ಧ ಗಣತಿ ಎಂದೇ ನನ್ನ ಅಭಿಪ್ರಾಯ. ಎರೆಭೂತವನ್ನು ಕಂಡವರೂ ಆ ಊರುಗಳ ಹಿರಿಯರಲ್ಲೇ ಇರುತ್ತಾರೆ, ಕುರಿ ಕಾಯುವವರಲ್ಲಿ ವಿಶೇಷವಾಗಿ. ಅವರ ನೆನಪಿಗೆ ಅಂಕಿಯಿಲ್ಲ, ಆದರೆ ಜಾಗ, ಬೆಳೆ, ತಿಂಗಳು ಇರುತ್ತದೆ.

ಕರ್ನಾಟಕದಲ್ಲಿ ಈಗ ಎರೆಭೂತ ಉಳಿದಿದ್ದರೆ ಬಳ್ಳಾರಿಯ ಸಿರುಗುಪ್ಪದ ಎರೆ ಹೊಲಗಳಲ್ಲಿ, ಬೆರಳೆಣಿಕೆಯಷ್ಟು. ಇಡೀ ದೇಶದಲ್ಲಿ ಇನ್ನೂರೂ ಇಲ್ಲ, ಹೆಚ್ಚಿನವು ರಾಜಸ್ಥಾನದಲ್ಲಿವೆ. ರಾಣೆಬೆನ್ನೂರಿನ ಬಯಲಲ್ಲಿ ಗೆರೆ ಹಿಡಿದು ನಡೆಯುವವರ ಪುಸ್ತಕದಲ್ಲಿ ಆ ಹಕ್ಕಿಯ ಹೆಸರಿನ ಮುಂದಿನ ಅಂಕಣ ಖಾಲಿ. ಖಾಲಿಯನ್ನೂ ಸೊನ್ನೆ ಎಂದು ಬರೆಯಬೇಕೆಂಬುದು ಅಲ್ಲಿಯ ನಿಯಮ.